ಕಾಚಿಗೂಡ ಒಳಗೋ, ಹೊರಗೋ

ನೆಮ್ಮದಿ ಎಂಬ ಮಾತು ಬಂದಾಗಲೆಲ್ಲ ನನಗೆ ಕಾಣುವುದು ಒಂದು ಅಂಗೈ. ಸ್ಕ್ಯಾನರಿನ ಗಾಜಿಗೆ ಒತ್ತಿಕೊಂಡು ಚಪ್ಪಟೆಯಾದ, ಬೆರಳ ತುದಿಗಳು ಬಿಳಿಚಿಕೊಂಡ, ಒಬ್ಬ ಹೆಂಗಸಿನ ಬಲಗೈ. ಮಣಿಕಟ್ಟಿನ ಬಳಿ ಹಸಿರು ಬಳೆಗಳ ಅಂಚು. ಬಳೆ ಹಸಿರೇ ಎಂದು ಆಣೆ ಇಟ್ಟು ಹೇಳಲಾರೆ. ಆ ಚಿತ್ರ ಬಂದದ್ದು ಕಪ್ಪು ಬಿಳುಪಿನಲ್ಲಿ ಎಂದು ಆಮೇಲೆ ಅದನ್ನು ನೋಡಿದ ನನ್ನ ಸಹೋದ್ಯೋಗಿ ಈಗಲೂ ವಾದಿಸುತ್ತಾನೆ. ಅವನ ಮಾತು ನಿಜವಾದರೆ ಹಸಿರು ನಾನೇ ಬಳಿದದ್ದು. ಇರಲಿ. ಕೈ ಮಾತ್ರ ಬಂತು, ಬರಬೇಕಾದ ಜಾಗಕ್ಕೇ ಬಂತು. ಅದರಲ್ಲಿ ಅನುಮಾನವಿಲ್ಲ.

ಆಗ ನಾನು ಹೈದರಾಬಾದಿನ ಮಣಿಕೊಂಡದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಕೆಲವು ತಿಂಗಳಾಗಿತ್ತು. ಔಷಧಿಗಳನ್ನು ತಣ್ಣಗೆ ಕಾಯ್ದಿಟ್ಟು ವಿಮಾನದಲ್ಲಿ ಹೊರದೇಶಗಳಿಗೆ ಸಾಗಿಸುವ ಕಂಪನಿ ಅದು. ಮಾಲೀಕರದು ರಾಯಚೂರು ಕಡೆಯಿಂದ ಎಂದೋ ಹೈದರಾಬಾದಿಗೆ ಬಂದು ನೆಲೆಸಿದ ವ್ಯಾಪಾರಸ್ಥ ಮನೆತನ. ತಂದೆ ಕಾಚಿಗೂಡದಲ್ಲಿ, ರೈಲು ನಿಲ್ದಾಣದ ಹಿಂದಿನ ಗಲ್ಲಿಯ ಹಳೆಯ ಅಂಗಡಿಯಲ್ಲೇ ಕೂರುತ್ತಿದ್ದರು. ಎಲ್ಲರಿಗೂ ಅವರು 'ದೊಡ್ಡವರು'. ಮಗ ಮಣಿಕೊಂಡದ ಗಾಜಿನ ಕಚೇರಿಯಲ್ಲಿ, ಅವರು 'ಸಣ್ಣವರು'. ಮೂರನೆಯ ಜಾಗ ಶಂಶಾಬಾದಿನ ವಿಮಾನ ನಿಲ್ದಾಣದ ಪಕ್ಕದ ಕೋಲ್ಡ್ ಸ್ಟೋರೇಜು. ಈ ಮೂರು ಜಾಗದ ಕಂಪ್ಯೂಟರುಗಳು ಒಂದರೊಡನೊಂದು ಮಾತಾಡಬೇಕಾದರೆ ಮಣಿಕೊಂಡದಲ್ಲಿ ನನ್ನ ಕೋಣೆಯನ್ನು ಹಾದೇ ಹೋಗಬೇಕಿತ್ತು.

ಆ ಕೋಣೆಯಲ್ಲಿ ಹೊಸದಾಗಿ ಒಂದು ಯಂತ್ರ ಬಂದು ಕೂತಿತ್ತು. ಹಾದು ಹೋಗುವ ಎಲ್ಲ ದತ್ತಾಂಶವನ್ನೂ ಕಿವಿಗೊಟ್ಟು ಕೇಳಿ, ಯಾವುದು ಒಳಗೆ ಬರುತ್ತಿದೆ, ಯಾವುದು ಹೊರಗೆ ಹೋಗುತ್ತಿದೆ, ಯಾವುದು ಒಳಗೊಳಗೇ ಓಡಾಡುತ್ತಿದೆ ಎಂದು ವಿಂಗಡಿಸುವುದು ಅದರ ಕೆಲಸ. ಹೊರಗೆ ಹೋಗಬಾರದ್ದು ಹೋದರೆ ಕೂಗಬೇಕು. ಹೊರದೇಶದ ಗಿರಾಕಿಗಳು ಇಂಥದ್ದೊಂದು ಇರಲೇಬೇಕೆಂದು ಪಟ್ಟು ಹಿಡಿದಿದ್ದರಿಂದ ಸಣ್ಣವರು ತರಿಸಿದ್ದರು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಾವು ಡಬ್ಬಿ ಎನ್ನುತ್ತಿದ್ದೆವು.

ಡಬ್ಬಿಯ ಕಷ್ಟ ನನಗೆ ಅರ್ಥವಾದದ್ದು ನಮ್ಮ ಅಪಾರ್ಟ್‌ಮೆಂಟಿನ ಹೊಸ ವಾಚ್‌ಮನ್ನನಿಂದ. ಕೆಲಸಕ್ಕೆ ಸೇರಿದ ವಾರ ಅವನು ಗೇಟಿನಲ್ಲಿ ನಿಂತು, ಕೈಯಲ್ಲಿ ತರಕಾರಿ ಚೀಲ ಹಿಡಿದು ಬರುವ ನನ್ನನ್ನು ದಿನವೂ ತಡೆದು "ಎವರಿಂಟಿಕಮ್ಮಾ?" ಎಂದು ಕೇಳುತ್ತಿದ್ದ. ಯಾರ ಮನೆಗೆ ಎಂದರೆ ನನ್ನ ಮನೆಗೇ. ಅವನ ಕಣ್ಣು ಚೆನ್ನಾಗಿತ್ತು, ಗಮನ ಚೆನ್ನಾಗಿತ್ತು. ಆದರೆ ಯಾರು ಈ ಕಟ್ಟಡದವರು ಎಂದು ಯಾರಾದರೂ ಹೇಳುವ ತನಕ, ಮನೆಗೆ ಮರಳುವವಳಿಗೂ ಮನೆಗೆ ಬರುವ ಅತಿಥಿಗೂ ಅವನಲ್ಲಿ ವ್ಯತ್ಯಾಸವಿರಲಿಲ್ಲ. ಡಬ್ಬಿಯೂ ಹಾಗೆಯೇ. ಪ್ರತಿ ಕಂಪ್ಯೂಟರಿಗೂ ಒಂದು ಅಂಕಿಯ ವಿಳಾಸವಿರುತ್ತದೆ. ಯಾವ ಅಂಕಿಗಳು ಮನೆಯವು ಎಂದು ಮೊದಲು ಹೇಳಿಕೊಡಬೇಕು. ಆಮೇಲಷ್ಟೇ ಅದಕ್ಕೆ ದಿಕ್ಕು ತಿಳಿಯುವುದು.

ಡಬ್ಬಿಯನ್ನು ತಂದು ಕೂಡಿಸಿದವರು ಅದಕ್ಕೆ ಏನನ್ನೂ ಹೊಸದಾಗಿ ಹೇಳಿಕೊಟ್ಟಿರಲಿಲ್ಲ. ಕಾರ್ಖಾನೆಯಿಂದ ಬರುವಾಗಲೇ ಅದಕ್ಕೆ ಒಂದು ವಿಚಾರ ಗೊತ್ತಿತ್ತು. ಕಚೇರಿಗಳ ಒಳಗೆ ಬಳಸಲೆಂದೇ ಜಗತ್ತೆಲ್ಲ ಒಪ್ಪಿ ಎತ್ತಿಟ್ಟ ಕೆಲವು ಅಂಕಿಗಳಿವೆ. ಹತ್ತರಿಂದ ಶುರುವಾಗುವವು, ಇನ್ನೂ ಎರಡು ಬಗೆಯವು. ಅವು ಒಳಗಿನವು, ಮಿಕ್ಕದ್ದೆಲ್ಲ ಹೊರಗು. ನಾನು ಆ ಪುಟವನ್ನು ತೆರೆದು ನೋಡಿದ್ದೆ. ಮಣಿಕೊಂಡದ ಅಂಕಿ ಹತ್ತರಿಂದ ಶುರು. ಶಂಶಾಬಾದಿನದೂ ಹತ್ತರಿಂದ. ಕಾಚಿಗೂಡದ್ದು? ನನಗಿಂತ ಮೊದಲು ಇದ್ದವರು ಬಿಟ್ಟುಹೋದ ನಕಾಶೆಯಲ್ಲಿ ಕಾಚಿಗೂಡದ ಜಾಗದಲ್ಲಿ ಒಂದು ದುಂಡನೆಯ ಸುತ್ತು ಹಾಕಿ, ಒಳಗೆ 'ದೊಡ್ಡವರು' ಎಂದಷ್ಟೇ ಬರೆದಿತ್ತು.

ಸೋಮವಾರ ಡಬ್ಬಿಯ ಮೊದಲ ವರದಿ ಬಂತು. ಶಂಶಾಬಾದಿನ ಒಂದು ಕಂಪ್ಯೂಟರಿನಿಂದ ದಿನವೂ ಮಧ್ಯಾಹ್ನದ ಮೇಲೆ ದತ್ತಾಂಶದ ದೊಡ್ಡ ದೊಡ್ಡ ಕಟ್ಟುಗಳು ಪೂರ್ವದ ಕಡೆಯ ಯಾವುದೋ ದೇಶಕ್ಕೆ ಹೋಗುತ್ತಿವೆ. ಪಕ್ಕದಲ್ಲಿ ಆ ದೇಶದ ಪುಟ್ಟ ಬಾವುಟ. ಆ ದೇಶಕ್ಕೆ ನಾವು ಒಂದು ಮಾತ್ರೆಯನ್ನೂ ಕಳಿಸುತ್ತಿರಲಿಲ್ಲ.

ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಸಿಂಧನೂರಿನ ಕಡೆಯ ಒಬ್ಬ ಹೆಂಗಸು. ಪ್ರತಿ ಸಾಗಣೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಜೋಡಿಸುವುದು ಅವಳ ಕೆಲಸ. ಸರಕಿನ ಜೊತೆ ವಿಮಾನ ನಿಲ್ದಾಣದ ಒಳಗೂ ಹೋಗಿ ಬರಬೇಕಿದ್ದರಿಂದ ಅವಳ ಬಳಿ ಅಲ್ಲಿನ ಪಾಸು ಇತ್ತು. ಅದರ ಅವಧಿ ಆ ಶನಿವಾರ ಮುಗಿಯುವುದಿತ್ತು. ಹೊಸದಾಗಿ ಸಿಗಬೇಕಾದರೆ ಇವಳ ಮೇಲೆ ಯಾವ ದೂರೂ ಇಲ್ಲ ಎಂದು ಕಂಪನಿ ಬರೆದುಕೊಡಬೇಕು. ಒಂದು ಸಲ ಅದು ತಪ್ಪಿತೆಂದರೆ ಶಂಶಾಬಾದಿನಲ್ಲಿ ಯಾವ ಕಂಪನಿಯೂ ಅವಳನ್ನು ಗೇಟಿನೊಳಗಿನ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹತ್ತು ಹದಿನೈದು ವರ್ಷ ಕಲಿತದ್ದು ಆ ಒಂದು ಕೆಲಸವನ್ನೇ.

ಸಣ್ಣವರು ವರದಿಯ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿದರು.

"ಮೇಡಂ, ಇದಕ್ಕ ಏನಂತೀರಿ?"

"ನೋಡಬೇಕ್ರಿ. ಡಬ್ಬಿ ಹೊಸಾದು."

"ಡಬ್ಬಿ ಹೊಸಾದು ಖರೇ. ಕಣ್ಣು ಹೊಸಾವು ಇದ್ರನ ಛಲೋ ಕಾಣತೈತಿ."

"ಆಕಿ ಅಂಥಾಕಿ ಅನಸೂದಿಲ್ಲ ನನಗ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ನಮ್ಮ ಕಡೀ ಮಾತು ಆಡತಾಳ ಅಂತ ಹಂಗ ಅನಸತೈತೇನು? ಊರ ಕಡೀಯವರೆಲ್ಲಾ ನಮ್ಮವರಾಗೂದಿಲ್ರಿ. ಗೊತ್ತಾಗೂತನಕಾ ಆಕಿ ಮನ್ಯಾಗ ಇರ್ಲಿ. ಚೀಟಿಗೆ ನಾ ಸಹಿ ಹಾಕೂದಿಲ್ಲ" ಎಂದರು.

ಆ ಮಾತು ನನಗೆ ಚುಚ್ಚಿತು, ಯಾಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ಕಚೇರಿಯ ತೆಲುಗು, ಹಿಂದಿಯ ನಡುವೆ ಫೋನಿನಲ್ಲಿ ಅವಳ ದನಿ ಕೇಳಿದರೆ ನನಗೆ ಹಿತವೆನಿಸುತ್ತಿತ್ತು. ಅವಳು ಒಳ್ಳೆಯವಳು ಎಂಬ ನನ್ನ ನಂಬಿಕೆಯಲ್ಲಿ ಅವಳ ಗುಣವೆಷ್ಟು, ಅವಳ ಕನ್ನಡವೆಷ್ಟು? ಧಾರವಾಡದಲ್ಲಿ ಓದುವಾಗ ತರ್ಕಶಾಸ್ತ್ರದ ಮೇಷ್ಟ್ರೊಬ್ಬರು, ನಮಗೆ ಬೇಕಾದ ತೀರ್ಮಾನದ ಮೇಲೆ ಎರಡು ಪಟ್ಟು ಅನುಮಾನ ಇಡಬೇಕು ಎನ್ನುತ್ತಿದ್ದರು. ಅಥವಾ ಅದು ನಾನೇ ಅವರ ಬಾಯಲ್ಲಿ ಇಟ್ಟ ಮಾತೋ. ಏನೇ ಇರಲಿ, ಮರುದಿನ ಬೆಳಿಗ್ಗೆ ಶಂಶಾಬಾದಿಗೆ ಹೊರಟಾಗ ನಾನು ಹೊತ್ತುಕೊಂಡು ಹೋದದ್ದು ಅದೊಂದೇ ಮಾತನ್ನು.

ಅವಳು ಕೋಲ್ಡ್ ಸ್ಟೋರೇಜಿನ ಹೊರಗೆ, ಲಾರಿಗಳು ನಿಲ್ಲುವ ಕಟ್ಟೆಯ ಮೇಲೆ ಕೂತಿದ್ದಳು. ಮನೆಯಲ್ಲಿರು ಎಂದರೆ ಬಂದು ಬಾಗಿಲಲ್ಲಿ ಕೂತಿದ್ದಳು. ಕೊರಳಲ್ಲಿ ಪಾಸು ಹಾಗೇ ನೇತಾಡುತ್ತಿತ್ತು.

"ಬರ್ರಿ ಅಕ್ಕಾರ, ಬರ್ರಿ. ಪೊಲೀಸರನ್ನ ಕರಕೊಂಡ ಬಂದೀರೋ, ಒಬ್ಬರ ಬಂದೀರೋ?"

"ಒಬ್ಬಾಕಿನ ಬಂದೀನಿ."

"ಹಂಗಾದ್ರ ಚಾ ಕುಡೀರಿ. ಕಳ್ಳರ ಕೈಯಾನ ಚಾ ನಡೀತೈತಿಲ್ಲೋ ನಿಮಗ?"

ಪಕ್ಕದಲ್ಲಿ ಕೂತಿದ್ದ ಲಾರಿ ಚಾಲಕರು ನಕ್ಕರು. ಅವಳೂ ನಕ್ಕಳು. ಆದರೆ ಗ್ಲಾಸು ಕೊಡುವಾಗ ಚಹಾ ತುಳುಕಿ ಅವಳ ಸೀರೆಗೇ ಚೆಲ್ಲಿತು. ಅವಳು ಅದನ್ನು ಒರೆಸಲಿಲ್ಲ.

ನಾನು ಕೇಳಿದೆ: "ಮಧ್ಯಾಹ್ನ ಆದಮ್ಯಾಲ ದಿನಾ ಏನೋ ಕಳಸ್ತೀಯಲ್ಲ, ಎಲ್ಲಿಗದು?"

"ಕಾಚಿಗೂಡಕ್ಕ. ಮತ್ತೆಲ್ಲಿಗೆ? ದೊಡ್ಡವರಿಗೆ ಎಲ್ಲಾ ಸಾಗಣೆದ ಕಾಗದಾ ದಿನಾ ನೋಡಬೇಕಂತ. ಮಣಿಕೊಂಡದಾಗ ಇಟ್ರ ಅವರಿಗೆ ನಿದ್ದಿ ಬರೂದಿಲ್ಲಂತ. ನಾ ಸೇರಿದಾಗಿಂದ ಕಳಸಾಕತ್ತೀನಿ."

"ಹೆಂಗ ಕಳಸ್ತಿ?"

"ಹೆಂಗ ಅಂದ್ರ? ಹಿಡದು ಎಳದು ಆ ಫೋಲ್ಡರದಾಗ ಬಿಡೂದು. 'ದೊಡ್ಡವರು' ಅಂತ ಹೆಸರೈತಿ ಅದಕ್ಕ. ಮುಗೀತು."

ನಾನು ಒಳಗೆ ಹೋಗಿ ಅವಳ ಕಂಪ್ಯೂಟರು ತೆರೆದೆ. ಹೌದು, ತೆರೆಯ ಮೂಲೆಯಲ್ಲಿ 'ದೊಡ್ಡವರು' ಎಂಬ ಫೋಲ್ಡರು. ಅದರ ಹಿಂದಿರುವ ವಿಳಾಸ ನೋಡಿದೆ. ನೂರ ಎಂಬತ್ತರಿಂದ ಶುರುವಾಗುವ ಅಂಕಿ. ಬಾವುಟದ ಪಕ್ಕದಲ್ಲಿ ಡಬ್ಬಿ ತೋರಿಸಿದ್ದ ಅಂಕಿಯೂ ಅದೇ.

ಹೆಸರು ಮನೆಯದು, ಅಂಕಿ ಪರದೇಶದ್ದು. ಹೆಸರನ್ನು ಯಾರು ಬೇಕಾದರೂ ಇಡಬಹುದು. ಅವಳಿಗೇ ತಿಳಿಯದಂತೆ ಯಾರೋ ಬದಲಿಸಿರಬಹುದು. ಅವಳೇ ಬದಲಿಸಿ, ಕೇಳಿದವರಿಗೆ ಕಾಚಿಗೂಡ ಎಂದು ಹೇಳುತ್ತಿರಬಹುದು. ಕಿಟಕಿಯಾಚೆ ಅವಳು ಕಟ್ಟೆಯ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನೂ ತೋರಿಸಿಕೊಳ್ಳಲಿಲ್ಲ ಎಂದುಕೊಂಡಿದ್ದೆ. ಹೊರಗೆ ಬಂದಾಗ ಅವಳು ಕೇಳಿದ್ದು ಒಂದೇ: "ಅದು ಕಾಚಿಗೂಡಕ್ಕ ಹೋಗಿಲ್ಲೇನ್ರಿ ಅಕ್ಕಾರ?"

"ಇನ್ನಾ ನೋಡಬೇಕು" ಎಂದೆ.

ಪಾಸನ್ನು ಸೆರಗಿನೊಳಗೆ ಸರಿಸಿಕೊಂಡಳು. ಆಮೇಲೆ ಅವಳು ಚೇಷ್ಟೆ ಮಾಡಲಿಲ್ಲ.

ಮಣಿಕೊಂಡಕ್ಕೆ ಮರಳಿ, ಆ ಅಂಕಿಗೆ ಹೋಗುವ ದಾರಿ ಎತ್ತ ತಿರುಗುತ್ತದೆ ಎಂದು ಹುಡುಕಿದೆ. ನಮ್ಮ ಕೋಣೆಯ ಯಂತ್ರಗಳಲ್ಲಿ ಹಳಬರು ಬರೆದಿಟ್ಟ ದಾರಿಗಳ ನಡುವೆ ಅದು ಸಿಕ್ಕಿತು. ನೂರ ಎಂಬತ್ತರಿಂದ ಶುರುವಾಗುವ ಆ ಅಂಕಿಗಳ ತುಂಡು ತಿರುಗುತ್ತಿದ್ದುದು ಕಾಚಿಗೂಡದ ತಂತಿಯ ಕಡೆಗೇ! ಕುರ್ಚಿಯಿಂದ ಎದ್ದುಬಿಟ್ಟೆ ಎಂದು ನೆನಪು. ಆದರೆ ಕೂಡಲೇ ಎರಡು ಪಟ್ಟು ಅನುಮಾನದ ಮಾತು ಎದುರಿಗೆ ಬಂತು. ಕಾಚಿಗೂಡದ ಅಂಗಡಿಗೆ ಬೇರೆಯದೇ ಆದ ಇಂಟರ್‌ನೆಟ್ ತಂತಿ ಇತ್ತು, ದೊಡ್ಡವರ ಸ್ವಂತಕ್ಕೆ. ಇಲ್ಲಿಂದ ಹೋದದ್ದು ಅಲ್ಲೇ ನಿಲ್ಲುತ್ತದೋ, ಅಲ್ಲಿಂದ ಆ ತಂತಿ ಹಿಡಿದು ನಿಜಕ್ಕೂ ಪರದೇಶಕ್ಕೆ ಹೋಗುತ್ತದೋ, ಮಣಿಕೊಂಡದಲ್ಲಿ ಕೂತು ಹೇಳಲಾಗುತ್ತಿರಲಿಲ್ಲ.

ಡಬ್ಬಿಯ ಪುಟದಲ್ಲಿ 'ಒಳಗಿನವು' ಎಂಬಲ್ಲಿ ಈ ಅಂಕಿಯನ್ನು ಸೇರಿಸಿಬಿಟ್ಟರೆ ಬಾವುಟ ಮಾಯವಾಗುತ್ತಿತ್ತು. ಆ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದೆ ಕೂಡ. ಆದರೆ ಅದರಿಂದ ಏನು ಸಾಬೀತಾದ ಹಾಗಾಯಿತು? ನಾನು ಒಳಗಿನದು ಎಂದು ಹೇಳಿದ್ದನ್ನು ಅದು ಒಳಗಿನದು ಎಂದು ತಿರುಗಿ ಹೇಳುತ್ತದೆ, ಅಷ್ಟೇ. ವಾಚ್‌ಮನ್ನನಿಗೆ ಕಳ್ಳನನ್ನು ನಮ್ಮ ಅಣ್ಣ ಎಂದು ಪರಿಚಯಿಸಿದರೂ ಅವನು ಸಲಾಮು ಹೊಡೆಯುತ್ತಾನೆ. ಮೊದಲು ಕಾಚಿಗೂಡ ನೋಡಬೇಕು, ಆಮೇಲೆ ಡಬ್ಬಿಗೆ ಹೇಳಬೇಕು. ಈ ಕ್ರಮ ತಪ್ಪಬಾರದು ಎಂದು ನನಗೆ ಅಂದು ಹೊಳೆದದ್ದಕ್ಕೆ ಇಂದಿಗೂ ಸಮಾಧಾನವಿದೆ.

ಗುರುವಾರ ಮೆಟ್ರೊ ಇಳಿದು ಆಟೊ ಹಿಡಿದು ಕಾಚಿಗೂಡಕ್ಕೆ ಹೋದೆ. ಲಾಡ್ಜುಗಳ ನಡುವಿನ ಗಲ್ಲಿ. ಅಂಗಡಿಯ ಮುಂದೆ ದೊಡ್ಡವರ ಹಳೆಯ ಬಿಳಿ ಕಾರು. ಒಳಗೆ ಹಾಸುಗಂಬಳಿಯ ಮೇಲೆ ಮಂಡಿಗೆ ದಿಂಬು ಕೊಟ್ಟು ಅವರು ಕೂತಿದ್ದರು. ಎದುರಿನ ತೆರೆಯಲ್ಲಿ ಯಾರೋ ಸ್ವಾಮಿಗಳ ಪ್ರವಚನ ನಡೆಯುತ್ತಿತ್ತು. ಅದಕ್ಕೇ ಆ ಬೇರೆ ತಂತಿ ಎಂದು ಅರ್ಥವಾಯಿತು.

"ಯಾರವಾ? ಮಣಿಕೊಂಡದಾಕೀ? ಬಾ, ಕುಂದರು. ನನ್ನ ಮಗಾ ಏನ ಹೊಸಾ ಡಬ್ಬಿ ತಂದಾನಂತ?"

"ಅದರ ಸಲುವಾಗೇ ಬಂದೀನ್ರಿ. ಇಲ್ಲಿ ಮಷೀನಿಗೆ ನೂರಾ ಎಂಬತ್ತರ ನಂಬರ ಯಾರು ಕೊಟ್ಟಾರ್ರಿ?"

"ನಾನ."

"ನೀವ್ರಿ?"

"ಮತ್ಯಾರು? ಕೂಡಿಸಿ ನೋಡು. ಒಂದು, ಎಂಟು, ಸೊನ್ನಿ. ಎಷ್ಟಾತು?"

"ಒಂಬತ್ತು."

"ಹಾಂ! ಹೊರಗ ಕಾರು ನೋಡಿದಿಲ್ಲೋ, ಅದರ ನಂಬರ ಕೂಡಿಸು. ನನ್ನ ಫೋನ ಕೂಡಿಸು. ಈ ಅಂಗಡಿ ಬಾಗಿಲ ನಂಬರ ಕೂಡಿಸು. ಒಂಬತ್ತ ಬಿಟ್ಟು ಬ್ಯಾರೆ ಏನರ ಬಂದ್ರ ನನ್ನ ಹೆಸರು ತಗದಬಿಡು. ನಿನಗಿಂತ ಮದಲ ಒಬ್ಬ ಇದ್ದನಲಾ, ಅವ ಬಂದು, ಒಳಗಿನ ನಂಬರ ಹತ್ತರಿಂದ ಶುರು ಆಗಬೇಕ್ರಿ ಅಂದ. ಹತ್ತು ಅಂದ್ರ ಒಂದು. ಒಂದು ನನಗ ಆಗಿಬರೂದಿಲ್ಲವಾ. ಅಂಗಡಿ ಮುಚ್ಚಿಸೂ ವಿಚಾರ ಐತೇನು ನಿಂದು, ಅಂದೆ. ತಲಿ ಕೆರಕೊಂಡ. ಆಮ್ಯಾಲ ಹಾಕಿದ."

ಹೈದರಾಬಾದಿನಲ್ಲಿ ಗಾಡಿಯ ನಂಬರಿಗಾಗಿ ಜನ ಹರಾಜಿನಲ್ಲಿ ಕೂಗುವುದನ್ನು ನಾನು ಕೇಳಿದ್ದೆ. ಆ ಆಸೆ ಒಂದು ತಂತಿಯೊಳಗೆ ಹೊಕ್ಕು ನನ್ನ ತನಕ ಬರುತ್ತದೆ ಎಂದು ಎಣಿಸಿರಲಿಲ್ಲ. ಇಲ್ಲಿ ನನ್ನ ಓದಿದ ಬುದ್ಧಿ ಸುಮ್ಮನಿರಲಾರದೆ ಹೋಯಿತು. "ಹತ್ತರ ಮುಂದ ಎಂಟು ಇಟ್ಟಿದ್ರೂ ಒಂಬತ್ತ ಆಗ್ತಿತ್ತಲ್ರಿ" ಎಂದೆ.

"ಹಂಗ ನಡೀತೈತೇನವಾ? ಹೆಣ್ಣು ನೋಡಾಕ ಹೋದವರಿಗೆ ತಂಗೀನ ಮುಂದ ಕುಂದರಿಸಿ ತೋರಿಸಿದಂಗ. ಮುಖ ಅಂದ್ರ ಮುಖ. ಮದಲನೇ ನಂಬರನ ಒಂಬತ್ತ ಇರಬೇಕು."

"ಆ ನಂಬರ ಖರೇ ಅಂದ್ರ ಬ್ಯಾರೆ ದೇಶದವರದೈತ್ರಿ."

"ಅವರೇನರ ಕೇಳಾಕ ಬಂದಾರೇನು?"

"ಇಲ್ರಿ. ಅವರಿಗೆ ಗೊತ್ತಽ ಇಲ್ಲ."

"ಮತ್ತ?"

ಪೂರ್ವದ ಯಾವುದೋ ಊರಿನ ಮನೆಯ ನಂಬರನ್ನು ನಾವು ಕಾಚಿಗೂಡದ ಗೋಡೆಗೆ ಬರೆದುಕೊಂಡಿದ್ದೆವು. ನಮ್ಮ ಗಲ್ಲಿಯಿಂದ ಆ ಊರಿಗೆ ಯಾರೂ ಹೋಗಬೇಕಿಲ್ಲದಿರುವ ತನಕ ಅದು ನಡೆಯುತ್ತದೆ. ನಡೆದೇ ಇತ್ತು. ಡಬ್ಬಿಯೊಂದೇ ಆ ನಂಬರನ್ನು ನಂಬಿ, ಮನೆಯನ್ನು ಪರದೇಶ ಎಂದುಕೊಂಡಿತ್ತು.

ಶಂಶಾಬಾದಿನ ಸಂಗತಿ ಹೇಳಿದೆ. ದೊಡ್ಡವರು ದಿಂಬನ್ನು ಪಕ್ಕಕ್ಕೆ ಸರಿಸಿ ನೆಟ್ಟಗೆ ಕೂತರು. "ಆಕೀನ ಬಾಗಲದಾಗ ಕುಂದರಿಸ್ಯಾರ? ನನ್ನ ಕಾಗದಾ ನನಗ ಕಳಿಸಿದ್ದಕ್ಕ?" ಫೋನು ಎತ್ತಿ ಮಗನಿಗೆ ಬೈಯಲು ಹೊರಟರು. ನಾನು ಬೇಡವೆಂದೆ. ಅವರು ಬೈದರೆ ಸಣ್ಣವರು ಸಹಿ ಹಾಕುತ್ತಾರೆ, ಆದರೆ ಅನುಮಾನ ಹಾಗೇ ಉಳಿಯುತ್ತದೆ; ನನ್ನದೂ ಉಳಿಯುತ್ತದೆ. ಬದಲಿಗೆ ನಾನೇ ಸಣ್ಣವರಿಗೆ ಫೋನು ಮಾಡಿ, ಒಂದರ್ಧ ಗಂಟೆ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಲು ಒಪ್ಪಿಗೆ ಕೇಳಿದೆ. ಡಬ್ಬಿಯ ಮುಂದೆ ಅವರೇ ಬಂದು ನಿಂತು ನೋಡಲಿ ಎಂದೆ. ಒಪ್ಪಿದರು.

ಒಂದೇ ಫೋನಿನ ಕರೆಯಲ್ಲಿ ಮೂರು ಜಾಗಗಳೂ ಸೇರಿದವು. ಮಣಿಕೊಂಡದಲ್ಲಿ ಡಬ್ಬಿಯ ಮುಂದೆ ನನ್ನ ತೆಲುಗು ಸಹೋದ್ಯೋಗಿ, ಅವನ ಬೆನ್ನಿಗೆ ಸಣ್ಣವರು. ಶಂಶಾಬಾದಿನಲ್ಲಿ ಅವಳು. ಕಾಚಿಗೂಡದಲ್ಲಿ ಗೋಡೆಯ ಗೂಡಿನೊಳಗಿನ ಮಷೀನಿನ ಮುಂದೆ ಮಂಡಿಯೂರಿದ ನಾನು. ದೊಡ್ಡವರು ಹಿಂದಿನಿಂದ ಬ್ಯಾಟರಿ ಹಿಡಿದಿದ್ದರು.

ಮೊದಲು ನಾನು ಹೊರಗಿನ ಇಂಟರ್‌ನೆಟ್ ತಂತಿಯನ್ನು ಕಿತ್ತೆ. ಈಗ ಈ ಅಂಗಡಿಗೆ ಬಂದದ್ದು ಇಲ್ಲಿಂದ ಮುಂದೆ ಎಲ್ಲಿಗೂ ಹೋಗಲಾರದು.

"ಯವ್ವಾ, ನನ್ನ ಪ್ರವಚನಾ ನಿಂತತಲ!" ಎಂದರು ದೊಡ್ಡವರು.

"ಸ್ವಲ್ಪ ತಡೀರಿ. ಏ ತಂಗಿ, ಈಗ ಕಳಸು."

"ಏನ ಕಳಸ್ಲಿ ಅಕ್ಕಾರ? ಇವತ್ತಿನ ಕಾಗದಾ ಬ್ಯಾರೆಯವರ ಕೈಯಾಗ ಅದಾವು."

"ಏನರ ಕಳಸು. ದೊಡ್ಡದಿರಬೇಕು, ಭಾಳ ಇರಬೇಕು."

ಸ್ಕ್ಯಾನರು ಗುರುಗುಟ್ಟುವುದು ಫೋನಿನಲ್ಲಿ ಕೇಳಿಸಿತು. ಮತ್ತೆ ಮತ್ತೆ. ಆಮೇಲೆ ಮಣಿಕೊಂಡದ ದನಿ: "ಪೆರುಗುತೋಂದಿ ಮೇಡಂ. ಪೆರುಗುತೋಂದಿ." ಡಬ್ಬಿಯ ತೆರೆಯ ಮೇಲೆ, ಹೋಗುವ ದತ್ತಾಂಶವನ್ನು ತೋರಿಸುವ ಗೆರೆ ಏರತೊಡಗಿತ್ತು. ಮತ್ತೆ ಅದೇ ಬಾವುಟ, ಅದೇ ಕೂಗು, ಹೊರದೇಶಕ್ಕೆ ಹೋಗುತ್ತಿದೆ ಎಂದು. ಸಣ್ಣವರು ಏನೋ ಅಂದದ್ದು ಅಸ್ಪಷ್ಟವಾಗಿ ಕೇಳಿತು. ಆ ಹೊತ್ತಿಗೆ ನನ್ನ ಮುಂದಿನ ತೆರೆಯಲ್ಲಿ ಹೊಸ ಕಡತವೊಂದು ಮೂಡಿತು. ಅದರ ಕೆಳಗೆ ಇನ್ನೊಂದು. ಒಂದನ್ನು ತೆರೆದೆ.

ಅಂಗೈ.

ಎಲ್ಲ ಕಡತವೂ ಅಂಗೈ. ನೆಟ್ಟಗಿನದು, ಓರೆಯದು, ಬೆರಳು ಅಗಲಿಸಿದ್ದು. ದೊಡ್ಡವರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಕೈ ಬಂದಾವೇನ್ರಿ?" ಎಂದು ಕೇಳಿದಳು ಅವಳು.

"ಬಂದಾವು."

"ಛಲೋ ನೋಡ್ರಿ. ಕಳ್ಳರ ಕೈ ಹಂಗ ಕಾಣತಾವೇನು?"

ಅವಳ ದನಿ ಮೊದಲಿನಂತೆಯೇ ಚುರುಕಾಗಿತ್ತು, ಕೊನೆಯಲ್ಲಿ ಮಾತ್ರ ಒಡೆಯಿತು. ನಾನು ಕೈ ಚಾಚಿ ಎರಡನೆಯ ತಂತಿಯನ್ನು, ಮಣಿಕೊಂಡದಿಂದ ಬರುವುದನ್ನು, ಕಿತ್ತೆ.

"ಪಡಿಪೋಯಿಂದಿ!" ಎಂದು ಕೂಗಿದ ಸಹೋದ್ಯೋಗಿ. "ಮೊತ್ತಂ ಪಡಿಪೋಯಿಂದಿ ಮೇಡಂ!" ಏರುತ್ತಿದ್ದ ಗೆರೆ ಒಮ್ಮೆಲೇ ಬಿದ್ದಿತ್ತು. ತಂತಿ ತಿರುಗಿ ಸಿಕ್ಕಿಸಿದೆ; ಗೆರೆ ಮತ್ತೆ ಎದ್ದಿತು. ಇನ್ನೊಮ್ಮೆ ಕಿತ್ತೆ, ಬಿತ್ತು. ಬೇಕಿರಲಿಲ್ಲ. ಆದರೂ ಇನ್ನೊಮ್ಮೆ ಮಾಡಿದೆ, ಸಂತೋಷಕ್ಕೆ.

ಡಬ್ಬಿ ಕಂಡ ಪರದೇಶ ಈ ಗೂಡೇ. ನಡುವೆ ಇನ್ನೇನೂ ಇರಲಿಲ್ಲ. ನೆಲದ ಮೇಲೆ ಹಾಗೇ ಕೂತುಬಿಟ್ಟೆ. ದೊಡ್ಡವರು ಬ್ಯಾಟರಿ ಆರಿಸಿ, "ಇನ್ನ ಪ್ರವಚನಾ ಹಚ್ಚತೀಯೇನವಾ?" ಎಂದರು.

ಮಣಿಕೊಂಡಕ್ಕೆ ಬಂದು ಡಬ್ಬಿಯ ಪುಟ ತೆರೆದಾಗ ಸಣ್ಣವರೂ ಪಕ್ಕದಲ್ಲಿ ಕುರ್ಚಿ ಎಳೆದು ಕೂತರು. "ನೂರಾ ಎಂಬತ್ತು ಪೂರಾ ನಮ್ಮದು ಅಂತ ಹಾಕಿಬಿಡ್ರಿ, ಮುಗೀಲಿ" ಎಂದರು. ನಾನು ಒಪ್ಪಲಿಲ್ಲ. ಪೂರ್ತಿ ಹಾಕಿದರೆ ನಾಳೆ ಆ ದೇಶದಿಂದ ನಿಜವಾದ ಕಳ್ಳ ಬಂದರೂ ಡಬ್ಬಿ ಅವನಿಗೆ ಮನೆಯವರ ಮರ್ಯಾದೆ ಕೊಡುತ್ತದೆ. ಅಂಗಡಿಯಲ್ಲಿ ಬಳಕೆಯಲ್ಲಿರುವ ಸಣ್ಣ ತುಂಡನ್ನಷ್ಟೇ ಅಳೆದು ಸೇರಿಸಿದೆ. ನಕಾಶೆಯ ದುಂಡನೆಯ ಸುತ್ತಿನೊಳಗೂ ಅದನ್ನು ಬರೆದೆ. ಸ್ವಲ್ಪ ಹೊತ್ತಿನಲ್ಲಿ ಬಾವುಟ ಹೋಗಿ, ಆ ಸಾಲಿನ ಮುಂದೆ 'ಒಳಗಿನಿಂದ ಒಳಗೆ' ಎಂಬ ಗುರುತು ಬಂತು. ನಮ್ಮ ಮನೆಗೆ ಎಲ್ಲಿಂದಲೋ ನುಗ್ಗುತ್ತಿದ್ದಾರೆ ಎಂದು ಡಬ್ಬಿ ಗುಮಾನಿ ಪಟ್ಟಿದ್ದ ಇನ್ನೂ ಒಂದಿಬ್ಬರು ಇದ್ದರು. ನೋಡಿದರೆ ಅವರು ಮಣಿಕೊಂಡಕ್ಕೆ ದಿನದ ಲೆಕ್ಕ ಕಳಿಸುತ್ತಿದ್ದ ಕಾಚಿಗೂಡದ ಗುಮಾಸ್ತರು. ಅವರೂ ಮನೆಯವರಾದರು.

ಆ ಅಂಕಿ ಬಂದದ್ದು ಹೇಗೆಂದು ನಾನು ಹೇಳಿದ್ದನ್ನು ಸಣ್ಣವರು ಕೇಳಿಸಿಕೊಂಡರು. ಆಮೇಲೆ ನಗತೊಡಗಿದರು. "ಅಪ್ಪಾರ ಒಂಬತ್ತು! ನನ್ನ ಹೆಸರಿನ್ಯಾಗೂ ಒಂದು ಅಕ್ಷರ ಹೆಚ್ಚಿಗಿ ಹಾಕಿಸ್ಯಾರ ಮೇಡಂ. ಪಾಸ್‌ಪೋರ್ಟಿನವರು ಎರಡು ಸಲ ತಿರುಗಿ ಕಳಿಸಿದ್ರು." ನಗುತ್ತಲೇ ಪಾಸಿನ ಚೀಟಿ ತರಿಸಿದರು. ಸಹಿ ಹಾಕುವಾಗ ನಗು ನಿಂತಿತ್ತು. "ಆಕಿಗೆ ನಾನ ಫೋನ್ ಮಾಡತೀನಿ" ಎಂದರು. ಮಾಡಿದರು ಕೂಡ. ಏನು ಹೇಳಿದರೋ ನನಗೆ ತಿಳಿಯದು. ಬಾಗಿಲು ಹಾಕಿಕೊಂಡು ಮಾತಾಡಿದರು.

ನಾನು ಅವಳ ಪರ ನಿಂತದ್ದು ಅವಳ ಭಾಷೆಗೋ, ನ್ಯಾಯಕ್ಕೋ ಎಂದು ಆಮೇಲೂ ಕೆಲವು ದಿನ ಕೇಳಿಕೊಂಡೆ. ಅವಳು ತೆಲುಗಿನವಳಾಗಿದ್ದರೆ ಕಾಚಿಗೂಡದ ತನಕ ಹೋಗುತ್ತಿದ್ದೆನೇ? ಹೋಗುತ್ತಿದ್ದೆ ಎಂದುಕೊಳ್ಳಲು ಇಷ್ಟ. ಖಚಿತವಿಲ್ಲ. ಆದರೆ ತಂತಿಗೆ ಭಾಷೆ ಇರಲಿಲ್ಲ. ಕಿತ್ತಾಗ ಗೆರೆ ಬಿತ್ತು, ಸಿಕ್ಕಿಸಿದಾಗ ಎದ್ದಿತು. ನನ್ನ ಮನಸ್ಸಿನ ಮೇಲೆ ನನಗಿಲ್ಲದ ಭರವಸೆ ಅದರ ಮೇಲಿದೆ.

ಶನಿವಾರ ಅವಳಿಗೆ ಪಾಸು ಸಿಕ್ಕಿತು. ದೊಡ್ಡವರ ಮಷೀನಿಗೆ ಹತ್ತರ ಅಂಕಿ ಕೊಡುವ ಮಾತನ್ನು ನಾನು ಇನ್ನೊಂದು ಸಲ ಎತ್ತಿದೆ, ಅವರು ಇನ್ನೊಂದು ಸಲ ತಂಗಿಯನ್ನು ತೋರಿಸುವ ಕಥೆ ಹೇಳಿದರು, ಅಲ್ಲಿಗೆ ಬಿಟ್ಟೆ. ಅಂಗೈಗಳನ್ನು ಅಳಿಸಲು ಅವರು ಬಿಡಲಿಲ್ಲ. ಈಗಲೂ ಆ ಗೂಡಿನಲ್ಲಿ ಸಾಗಣೆಯ ಕಾಗದಗಳ ನಡುವೆ ಅವು ಇರಬೇಕು. ಬಳೆ ಹಸಿರೋ ಅಲ್ಲವೋ ಹೋಗಿ ನೋಡಿ ಬರಬಹುದು. ಹೋಗಿಲ್ಲ.

ಮುಂದೊಂದು ದಿನ, ಮಳೆಗಾಲ ಇರಬೇಕು, ಅವಳ ಫೋನು ಬಂತು. ಹಿಂದೆ ವಿಮಾನದ ಸದ್ದು. ಗೇಟಿನ ಒಳಗಿನಿಂದಲೇ ಮಾತಾಡುತ್ತಿದ್ದಳು.

"ಅಕ್ಕಾರ, ಇಲ್ಲಿ ತಂಪು ಅಳೆಯೂ ಹೊಸಾ ಮಷೀನು ಬಂದು ಕುಂತಾವ್ರಿ. ಮದಲ ನಿಮ್ಮ ಡಬ್ಬಿಗೆ ಹೇಳಿಬಿಡ್ರಿ, ಇವರು ನಮ್ಮ ಮನಿಯವರು ಅಂತ. ಇಲ್ಲಾಂದ್ರ ಇವನ್ನೂ ಯಾವ್ದರ ದೇಶಕ್ಕ ಕಳಿಸೀತು."

"ನಂಬರ ಯಾವುದರಿಂದ ಶುರು ಆಗತಾವು?"

"ಹತ್ತರಿಂದ" ಎಂದಳು. ಆಮೇಲೆ ದನಿ ತಗ್ಗಿಸಿದಳು. "ದೊಡ್ಡವರಿಗೆ ಹೇಳಬ್ಯಾಡ್ರಿ ಮತ್ತ."